ಕಟ್ಟೆ ಇರುವ ತನಕ

ಪೊದ್ಮುರ್ವಾ, 4 ಮೇ 2004

ರೊಮಾನಾ,

ಈ ಆಗಸ್ಟಿಗೆ ಮಿರ್ತಾಳನ್ನು ಕಳಿಸುವುದಿಲ್ಲ ಎಂಬ ಮಾತನ್ನು ನಾನು ಪಕ್ಕದ ಮನೆಯ ಪೆರೀನಾಳ ಬಾಯಿಂದ ಕೇಳಬೇಕಾಯಿತು. ನನ್ನ ಮನೆಯಲ್ಲೂ ಫೋನಿದೆ. ನೀನು ಮಾಡಿದ್ದು ಅವಳಿಗೆ. ಅವಳು ಬಟ್ಟೆ ಒಣಹಾಕುತ್ತ ಬೇಲಿಯಾಚೆಯಿಂದ, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಹೇಳಿದಳು.

"ವಿಂಕಾ, ನಿನ್ ಮೊಮ್ಮಗಳು ಈ ಸಲ ಬರಲ್ವಂತೆ ಕಣೆ. ಸೊಸೆ ಹೇಳಿದ್ಲು. ಕಡಲು ಸರಿಯಿಲ್ವಂತೆ."

"ಕಡಲಿಗೇನಾಗಿದೆಯಂತೆ, ಜ್ವರಾನಾ?" ಅಂದೆ.

"ನಂಗೇನ್ ಗೊತ್ತು. ನಿನ್ ಸೊಸೆ, ನೀನೇ ಕೇಳ್ಕೊ."

ಅದಕ್ಕೇ ಕೇಳುತ್ತಿದ್ದೇನೆ. ಇಡೀ ದಿನ ಬಸ್ಸಿನಲ್ಲಿ ಕುಳಿತರೆ ಮಾತ್ರ ಕಡಲು ಕಾಣುವಷ್ಟು ದೂರದ ಒಸಿಯೆಕ್‌ನಲ್ಲಿ, ಜೋಳದ ಹೊಲಗಳ ನಡುವೆ ಕೂತು, ನಮ್ಮ ಕಡಲು ಸರಿಯಿಲ್ಲ ಎಂದು ನಿನಗೆ ಯಾರು ಹೇಳಿದರು? ನಾನು ಹುಟ್ಟಿದಾಗಿನಿಂದ ಇದೇ ಕೊಲ್ಲಿಯ ಅಂಚಿನಲ್ಲಿದ್ದೇನೆ. ಇದರದ್ದೇ ಮೀನು ತಿಂದಿದ್ದೇನೆ. ಬೆಟ್ಟದಿಂದ ಚಳಿಯ ಬೂರಾ ಗಾಳಿ ಬೀಸುವ ದಿನಗಳಲ್ಲಿ ಮೊಣಕಾಲು ನೋಯುತ್ತದೆ, ಅಷ್ಟೆ.

ಮಾರ್ಚಿನಲ್ಲಿ ಸ್ಪ್ಲಿಟ್‌ನಿಂದ ಪ್ರಯೋಗಾಲಯದವರ ದೋಣಿಯೊಂದು ಬಂದಿತ್ತು. ಅದರ ಸುದ್ದಿಯೇನಾದರೂ ನಿನ್ನ ಕಿವಿಗೆ ಬಿತ್ತೋ ಏನೋ. ತಿಯಾನಾ ಎಂಬ ಹುಡುಗಿ ಮನೆಯ ಮುಂದೆ ಕಡಲಿಗೆ ಚಾಚಿದ ನಮ್ಮ ಕಟ್ಟೆಗೇ ದೋಣಿ ಕಟ್ಟಿ, "ಅಜ್ಜೀ, ಇಲ್ಲಿ ಸ್ವಲ್ಪ ಕೆಸರು ತೆಗೀಲಾ?" ಎಂದು ಕೇಳಿದಳು. "ತೆಗಿಯಮ್ಮ, ಕೆಸರಿಗೇನು ಬರ," ಅಂದೆ. ಉದ್ದನೆಯ ಕೊಳವೆಯನ್ನು ತಳಕ್ಕೆ ಚುಚ್ಚಿ, ಕಡುಬು ತೆಗೆದ ಹಾಗೆ ಕೆಸರನ್ನು ಮೇಲೆಳೆದರು. ಕಾಫಿ ಕೊಟ್ಟೆ, ಕುಡಿದಳು. ಕಟ್ಟೆಯ ಕೆಳಗಿನ ಹಗ್ಗದಿಂದ ಆಗತಾನೇ ಕಿತ್ತ ಪಚ್ಚಿಲೆ ಚಿಪ್ಪನ್ನು ಬೇಯಿಸಿ ಕೊಟ್ಟರೆ ಮುಟ್ಟಲಿಲ್ಲ. ಮೈ ತೆಳ್ಳಗೆ ಇಟ್ಟುಕೊಳ್ಳುವವಳು ಇರಬೇಕು ಅಂದುಕೊಂಡೆ.

ನನ್ನ ಮಗ ಯೆರ್ಕೊ ತೀರಿಹೋದ ಮೇಲೆ ನೀನು ಮಗಳನ್ನು ಎತ್ತಿಕೊಂಡು ತವರಿಗೆ ಹೋದೆ. ನಾನು ತಡೆಯಲಿಲ್ಲ. ಆಗಸ್ಟು ನನ್ನದು ಎಂದು ನಾವಿಬ್ಬರೂ ಒಪ್ಪಿದ್ದೆವು. ವರ್ಷದಲ್ಲಿ ನನಗಿರುವುದು ಅದೊಂದೇ ತಿಂಗಳು. ಮಿಕ್ಕ ತಿಂಗಳುಗಳನ್ನು ನೀನೇ ಇಟ್ಟುಕೋ. ಅದನ್ನು ಮಾತ್ರ ಮುಟ್ಟಬೇಡ.

ವಿಂಕಾ


ಒಸಿಯೆಕ್, 13 ಮೇ 2004

ವಿಂಕಾ ಅವರಿಗೆ,

ನಿಮಗೆ ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀರಿ. ಹಾಗಾಗಿ ಪೆರೀನಾಗೆ ಮಾಡಿದೆ. ಅವರು ಕೊನೆಯ ತನಕ ಕೇಳುತ್ತಾರೆ.

ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಮೀನು ಕೊಯ್ಯುವ ದಿನ ಹಳೆಯ ಪತ್ರಿಕೆ ಹಾಸುತ್ತೇವೆ. ಹೋದ ತಿಂಗಳ ಕೊನೆಗೆ ಹಾಸಿದ ಹಾಳೆಯಲ್ಲಿ ಪೊದ್ಮುರ್ವಾದ ಹೆಸರಿತ್ತು. ಫೋಟೋ ಇತ್ತು. ಅದರಲ್ಲಿ ನಮ್ಮ ಕಟ್ಟೆ ಇತ್ತು. ಕಟ್ಟೆಯ ಮೇಲೆ ಮಿರ್ತಾ ಹೋದ ವರ್ಷ ಬಿಟ್ಟುಬಂದ ಹಳದಿ ಬಕೆಟ್ಟು ಬೋರಲು ಬಿದ್ದಿತ್ತು. ಜೊತೆಯವಳು ಅದರ ಮೇಲೆ ಮೀನಿನ ಕರುಳು ಹಾಕುವಷ್ಟರಲ್ಲಿ ಎಳೆದುಕೊಂಡೆ.

ನೀವು ಕಡುಬು ಅಂದಿರಲ್ಲ, ಆ ಕೆಸರಿನ ಕಡುಬಿನ ವಿಷಯವೇ ಬರೆದಿದ್ದರು. ಕೆಳಗಿನದು ಬಿಳಿ, ಅದು ಅಜ್ಜಂದಿರ ಕಾಲದ ಕೆಸರು. ಮೇಲಿನದು ಕಪ್ಪು. ಕಪ್ಪಿನಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಇವೆ. ಯುರೇನಿಯಂ ಇದೆ. ನಿಮ್ಮೂರಿನ ಹಳೆಯ ಕಾರ್ಖಾನೆಯಲ್ಲಿ ಉರಿಸಿದ ಕಲ್ಲಿದ್ದಲಿನಲ್ಲಿ ಅದು ಮೊದಲೇ ಇತ್ತಂತೆ. ಇದ್ದಲು ಸುಟ್ಟುಹೋಯಿತು, ಅದು ಸುಟ್ಟುಳಿದ ಕಿಟ್ಟದಲ್ಲಿ ಉಳಿಯಿತು. ಕಿಟ್ಟವನ್ನು ಜನ ಕಡಲಿಗೆ ಸುರಿದು ಕಟ್ಟೆ ಕಟ್ಟಿಕೊಂಡರು. ಕೊಲ್ಲಿಯಲ್ಲೆಲ್ಲ ಹೆಚ್ಚು ವಿಕಿರಣ ಸಿಕ್ಕಿದ್ದು ಒಂದು ಖಾಸಗಿ ಕಟ್ಟೆಯ ಬುಡದ ಕೆಸರಿನಲ್ಲಿ ಎಂದು ಬರೆದು, ಆ ಸಾಲಿನ ಪಕ್ಕದಲ್ಲೇ ನಮ್ಮ ಫೋಟೋ ಹಾಕಿದ್ದಾರೆ.

ಆ ಹುಡುಗಿ ನಿಮ್ಮ ಪಚ್ಚಿಲೆಯನ್ನು ಯಾಕೆ ಮುಟ್ಟಲಿಲ್ಲ ಎಂದು ಈಗ ನಿಮಗೆ ತಿಳಿಯಬೇಕು. ಹೋದ ಆಗಸ್ಟಿನಲ್ಲಿ ಮಿರ್ತಾ ಅದನ್ನೇ ಬಟ್ಟಲುಗಟ್ಟಲೆ ತಿಂದಳು. ನೀವೇ ಹೆಮ್ಮೆಯಿಂದ ಹೇಳಿದ್ದಿರಿ. ಕಟ್ಟೆಯ ಬುಡದ ಕೆಸರನ್ನು ಬಕೆಟ್ಟಿನಲ್ಲಿ ಕಲಸಿ ರೊಟ್ಟಿ ತಟ್ಟಿದಳು. ಕೈ ತೊಳೆಸಿದಿರೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳ ರಕ್ತ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಸರದಿ ಬರುವುದು ಬೇಸಿಗೆ ಕಳೆಯುವ ಹೊತ್ತಿಗೆ.

ಆ ಕಟ್ಟೆ ಇರುವ ತನಕ ಮಿರ್ತಾ ಅಲ್ಲಿಗೆ ಬರುವುದಿಲ್ಲ. ಇದರಲ್ಲಿ ಚರ್ಚೆಯಿಲ್ಲ.

ರೊಮಾನಾ


ಪೊದ್ಮುರ್ವಾ, 25 ಮೇ 2004

ರೊಮಾನಾ,

ಕಟ್ಟೆ ಕಟ್ಟೆ ಎಂದು ಕಾಗದದ ತುಂಬ ಬರೆದಿದ್ದೀಯ. ಅದು ಯಾರಿಗಾಗಿ ಎದ್ದಿತು ಎಂಬುದನ್ನು ಮಾತ್ರ ಬರೆಯಲಿಲ್ಲ. ನಾನು ಬರೆಯುತ್ತೇನೆ.

ನೀನು ಮದುವೆಯಾಗಿ ಬಂದ ಮೊದಲ ಬೇಸಿಗೆ. ಮನೆಯೆದುರಿನ ಬಂಡೆಯಿಂದ ನೀರಿಗಿಳಿದವಳು ಕಡಲ ಮುಳ್ಳುಂಡೆಯನ್ನು ತುಳಿದೆ. ನಮ್ಮ ಮಕ್ಕಳು ಮೂರನೇ ವರ್ಷಕ್ಕೇ ಅದನ್ನು ತುಳಿದು, ಮುಳ್ಳು ಕಿತ್ತುಕೊಂಡು ಆಟಕ್ಕೆ ಹೋಗುತ್ತಾರೆ. ನೀನು ಊರೆಲ್ಲ ಸೇರುವ ಹಾಗೆ ಅತ್ತೆ. ನಾನೇ ಎಣ್ಣೆ ಹಚ್ಚಿ ಸೂಜಿಯಲ್ಲಿ ಒಂದೊಂದೇ ಮುಳ್ಳು ತೆಗೆದೆ. ನೀನು ಯೆರ್ಕೊನ ಕುತ್ತಿಗೆಗೆ ಜೋತುಬಿದ್ದು, "ನಾನಿನ್ನು ಈ ನೀರಿಗೆ ಕಾಲಿಡಲ್ಲಪ್ಪ. ನಮ್ಮೂರ ಹೊಳೇಲಿ ಮರಳಿದೆ, ಮೆತ್ತಗಿದೆ," ಅಂದೆ.

"ಅಳಬೇಡ್ವೆ," ಅಂದ ಅವನು. "ನಿಂಗೊಂದು ಕಟ್ಟೆ ಕಟ್ತೀನಿ. ಮೆಟ್ಟಿಲಿಡ್ತೀನಿ. ರಾಣಿ ಥರ ಇಳಿವಂತೆ."

ನಾನು ಅಲ್ಲೇ ಸೂಜಿ ಹಿಡಿದು ಕೂತಿದ್ದೆ.

ಪೊದ್ಮುರ್ವಾದಲ್ಲಿ ಮದುವೆಯಾದ ಗಂಡು ತನ್ನ ಮನೆಯ ಮುಂದಿನ ಕಡಲನ್ನು ಒಂದಿಷ್ಟು ಹಿಂದಕ್ಕೆ ತಳ್ಳದಿದ್ದರೆ ಅವನನ್ನು ಯಾರೂ ಗಂಡೆನ್ನುವುದಿಲ್ಲ. ನಮ್ಮ ಬೀದಿಯ ಯಾವ ಮನೆಯ ಅಂಗಳವೂ ಮೊದಲು ನೆಲವಾಗಿರಲಿಲ್ಲ. ಕಾಗದಪತ್ರ ಯಾರಿಗೂ ಇಲ್ಲ. ಒಬ್ಬನ ಮನೆಯವರು ಒಂದು ಭಾನುವಾರದ ಕೆಲಸಕ್ಕೆ ಕರೆದರೆ ಎಲ್ಲ ಗಂಡಸರೂ ಬರಬೇಕು, ಕರೆದವರ ಮನೆಯಲ್ಲಿ ಊಟ. ಕರೆದಾಗ ಬರದವನ ಹೆಣಕ್ಕೆ ಹೆಗಲು ಕೊಡುವವರಿಲ್ಲ. ಇದು ನಿನಗೂ ಗೊತ್ತು, ನೀನೇ ಬಡಿಸಿದ್ದೀಯ.

ಕಾರ್ಖಾನೆ ಆಗಲೇ ಮುಚ್ಚಿತ್ತು. ಕಿಟ್ಟದ ಗುಡ್ಡ ಹಾಗೇ ಬಿದ್ದಿತ್ತು. ಕಾವಲಿನವನು, "ತಗೊಂಡೋಗ್ರಪ್ಪ, ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು," ಎಂದು ತಾನೇ ಗೇಟು ತೆರೆಯುತ್ತಿದ್ದ. ಕಿಟ್ಟ ನೀರಿನಲ್ಲಿ ಕಚ್ಚಿ ಕೂರುತ್ತದೆ, ಕಲ್ಲಿಗಿಂತ ಗಟ್ಟಿ. ಊರೇ ತಂದಿತು. ಯೆರ್ಕೊ ಬರಿಗಾಲಲ್ಲಿ ನಿಂತು ಅದನ್ನು ತುಳಿದು ತುಳಿದು ಕೂರಿಸಿದ. ಇಡೀ ಬೇಸಿಗೆ ಅವನ ಕಾಲು ಮೊಣಕಾಲಿನ ತನಕ ಕಪ್ಪಗಿತ್ತು. ಸಂಜೆ ನೀನು ನಗುತ್ತ ಪೈಪು ಹಿಡಿದು ತೊಳೆಯುತ್ತಿದ್ದೆ.

ಈಗ ಕೇಳು. ನಿನ್ನ ಕಾಗದದಲ್ಲಿ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಯೆರ್ಕೊನ ರಕ್ತಕ್ಕೆ ಆ ರೋಗ ಎಲ್ಲಿಂದ ಬಂತು ಎಂಬ ಮಾತು. ಅದರ ಸುತ್ತ ಸುತ್ತಿ ಸುತ್ತಿ ಬರೆದಿದ್ದೀಯ. ಅದನ್ನು ಬರೆಯಬೇಡ. ನೀನು ಅದನ್ನು ಕೇಳಿದ ದಿನ, ಕಟ್ಟೆ ಬೇಕು ಎಂದವಳು ಯಾರು ಎಂದು ನಾನು ಕೇಳುತ್ತೇನೆ.

ಮಗನದೆಂದು ನನಗೆ ಉಳಿದಿರುವುದು ಎರಡು. ಒಂದನ್ನು ನೀನು ಬಸ್ಸು ಹತ್ತಿಸಿಕೊಂಡು ಹೋದೆ. ಇನ್ನೊಂದು ಕಡಲಿನಲ್ಲಿ ನಿಂತಿದೆ.

ವಿಂಕಾ


ಪೊದ್ಮುರ್ವಾ, 22 ಜೂನ್ 2004

ರೊಮಾನಾ,

ಒಂದು ತಿಂಗಳಾಗುತ್ತ ಬಂತು, ಉತ್ತರವಿಲ್ಲ. ಟಪಾಲಿನವನನ್ನು ಕೇಳಿದೆ. ಒಸಿಯೆಕ್‌ನಿಂದ ಕಾಗದ ಬರುವುದು ನಿಂತಿಲ್ಲವಂತೆ.

ಅಂಜೂರ ಈ ಸಲ ಬೇಗ ಹಣ್ಣಾಗುವ ಹಾಗಿದೆ. ಅದು ಕಡಲಿನಲ್ಲಿ ಬೆಳೆಯುವುದಿಲ್ಲ, ಮಣ್ಣಿನಲ್ಲಿ ಬೆಳೆಯುತ್ತದೆ. ಹಿತ್ತಲಿನ ಮಣ್ಣು, ನನ್ನ ಮಾವ ಬೆಟ್ಟದಿಂದ ಹೊತ್ತು ತಂದದ್ದು. ಅದಕ್ಕೂ ಏನಾದರೂ ಹೇಳುವುದಿದ್ದರೆ ಹೇಳು.

ಮಿರ್ತಾಳ ಮಂಚಕ್ಕೆ ಹೊಸ ಹಾಸಿಗೆ ಹೊಲಿಸಿದ್ದೇನೆ. ಬರುತ್ತಾಳೋ ಇಲ್ಲವೋ, ಒಂದೇ ಸಾಲು ಬರೆ.

ವಿಂಕಾ


ಒಸಿಯೆಕ್, 30 ಜೂನ್ 2004

ವಿಂಕಾ ಅವರಿಗೆ,

ಬರೆಯದಿದ್ದದ್ದು ಬರೆಯಲು ಏನೂ ಇರಲಿಲ್ಲ ಎಂದಲ್ಲ. ಬರೆದು ಹರಿದೆ.

ಒಂದು ಸಾಲು ಕೇಳಿದ್ದೀರಿ. ಹೇಳಿದ್ದೇ ಹೇಳುತ್ತೇನೆ. ಆ ಕಟ್ಟೆ ಇರುವ ತನಕ ಬರುವುದಿಲ್ಲ.

ರೊಮಾನಾ


ಪೊದ್ಮುರ್ವಾ, 20 ಜುಲೈ 2004

ರೊಮಾನಾ,

ಕಟ್ಟೆ ಇಲ್ಲ. ಮಿರ್ತಾಳನ್ನು ಕಳಿಸು.

ಇಷ್ಟೇ ಬರೆದರೆ ಸಾಕು. ಆದರೆ ನೀನು ನಂಬುವವಳಲ್ಲ, ಪೆರೀನಾಗೆ ಫೋನ್ ಮಾಡಿ ವಿಚಾರಿಸುತ್ತೀಯ. ಅವಳು ಈಗ ಸಿಟ್ಟಿನಲ್ಲಿದ್ದಾಳೆ, ಸರಿಯಾಗಿ ಹೇಳುವುದಿಲ್ಲ. ನಾನೇ ಹೇಳುತ್ತೇನೆ.

ನಿನ್ನ ಒಂದು ಸಾಲಿನ ಕಾಗದ ಬಂದ ಮರುದಿನ ಆ ಪ್ರಯೋಗಾಲಯದ ಹುಡುಗಿ ತಿಯಾನಾ ಮತ್ತೆ ಬಂದಿದ್ದಳು. ನಾನೇ ಕೇಳಿದೆ, "ಈ ಕಟ್ಟೇನ ತೆಗೆದ್ರೆ ಹೆಂಗಮ್ಮ?"

"ಬೇಡ ಅಜ್ಜಿ, ಮುಟ್ಬೇಡಿ. ಇದ್ದಲ್ಲೇ ಇರ್ಲಿ. ಮೇಲೆ ಜೇಡಿ, ಒಳ್ಳೆ ಕಲ್ಲು ಹಾಕಿ ಮುಚ್ಚಿಬಿಟ್ರೆ ಒಳಗಿಂದು ಒಳಗೇ ಇರತ್ತೆ. ನಾವೇ ಬಂದು ಮಾಡ್ತೀವಿ."

"ಯಾವಾಗ?"

"ಯೋಜನೆ ಆಗ್ಬೇಕು, ದುಡ್ಡು ಬರ್ಬೇಕು. ಎರಡ್ಮೂರು ವರ್ಷ ಆಗ್ಬೋದು."

"ಅಷ್ಟೊತ್ತಿಗೆ ನನ್ ಮೊಮ್ಮಗಳಿಗೆ ಗಡ್ಡ ಬರತ್ತೆ," ಅಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಈ ಊರಿಗೆ ಸರಕಾರದಿಂದ ಯಾರೇ ಬಂದರೂ ಹಾಗೇ ಬಿಡಿ, ನಾವು ಮಾಡುತ್ತೇವೆ ಎಂದೇ ಹೇಳಿ ಹೋಗುತ್ತಾರೆ. ಚರಂಡಿಗೂ ಹಾಗೇ ಹೇಳಿದ್ದರು. ನಿನ್ನ ಮಾವ ಇದ್ದಾಗಿನ ಮಾತದು.

ಮೊನ್ನೆ ಭಾನುವಾರ ಊರನ್ನು ಕೆಲಸಕ್ಕೆ ಕರೆದೆ. ಯೆರ್ಕೊನ ಗೆಳೆಯ ಶಿಮೆಯ ಹತ್ತಿರ ಮಣ್ಣು ಅಗೆಯುವ ಯಂತ್ರವಿದೆಯಲ್ಲ, ಮೊದಲು ಅವನ ಮನೆಗೆ ಹೋದೆ.

"ಅಲ್ಲಮ್ಮ, ಕಟ್ಟೋಕೆ ಕರೀತಾರೆ. ಕೆಡವೋಕೆ ಯಾರಾದ್ರೂ ಕರೀತಾರಾ?"

"ನಾನ್ ಕರೀತಿದ್ದೀನಲ್ಲ."

"ಅವ್ನು ಕಟ್ಟಿದ್ದು ಅದು. ನಾನೂ ಜೊತೇಲಿದ್ದೆ."

"ಕಟ್ಟುವಾಗ ಇದ್ದೆ ಅಂತಲೇ ಕರೀತಿದ್ದೀನಿ. ಬರ್ತೀಯೋ, ಬರಲ್ಲ ಅಂತ ಊರಿಗೆ ಹೇಳ್ಲೋ?"

ತಲೆ ಕೆರೆದುಕೊಂಡು ನಿಂತ. "ಬರ್ದೇ ಇರಕ್ಕಾಗತ್ತಾ," ಅಂದ.

ಎಲ್ಲರೂ ಬಂದರು. ಬೇಡ ಅನ್ನುವ ಮನಸ್ಸು ಎಷ್ಟು ಜನಕ್ಕಿತ್ತೋ, ಕರೆದಾಗ ಬೇಡ ಅನ್ನುವ ರೂಢಿ ಇಲ್ಲ. ಶಿಮೆ ಮೊದಲು ಮೇಲಿನ ಸಿಮೆಂಟು ಒಡೆದ. ಆಮೇಲೆ ಮೆಟ್ಟಿಲು. ಮೆಟ್ಟಿಲು ಒಡೆಯುವಾಗ ನಾನು ಒಳಗೆ ಹೋಗಿ ಮೀನು ಹುರಿದೆ. ಎಣ್ಣೆಯ ಸದ್ದಿಗೆ ಹೊರಗಿನದು ಅಷ್ಟು ಕೇಳುವುದಿಲ್ಲ.

ಕಿಟ್ಟವನ್ನು ಲಾರಿಗೆ ತುಂಬಿ ಮೇಲಿನ ಹಳೆಯ ಕಲ್ಲುಗಣಿಗೆ ಹಾಕಿಸಿದೆ. ಲಾರಿಗೆ ಹೋದಷ್ಟೇ ನೀರಿಗೂ ಬಿತ್ತು. ಕೊಳೆತ ಮೊಟ್ಟೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ನೀರು ಕಪ್ಪಾಯಿತು. ಗಂಡಸರು ಊಟಕ್ಕೆ ಕೂತರು. ಒಬ್ಬ, "ವಿಂಕಾ, ನಿನ್ ಮೀನು ಚೆನ್ನಾಗಿದೆ, ಎಲ್ಲೀದು?" ಎಂದ. "ಪೇಟೇದು ಕಣೋ, ಹೆದರ್ಬೇಡ, ತಿನ್ನು," ಅಂದೆ.

ಕಪ್ಪು ನಿಧಾನಕ್ಕೆ ಹಬ್ಬುತ್ತ ಪೆರೀನಾಳ ಪಚ್ಚಿಲೆ ಹಗ್ಗಗಳ ತನಕ ಹೋಯಿತು. ಅವಳು ದಂಡೆಯಲ್ಲಿ ನಿಂತು, "ವಿಂಕಾ, ಇದು ಎಲ್ಲೀ ತನಕ ಹೋಗತ್ತೆ?" ಎಂದಳು. "ಬೆಳಗಾಗೋ ಹೊತ್ತಿಗೆ ತಿಳಿಯಾಗತ್ತೆ ಬಿಡಿ," ಎಂದ ಶಿಮೆ.

ಇವತ್ತು ಮಂಗಳವಾರ. ಇನ್ನೂ ತಿಳಿಯಾಗಿಲ್ಲ. ಆಗುತ್ತದೆ.

ಕಟ್ಟೆ ಇರುವ ತನಕ ಎಂದಿದ್ದೆ ನೀನು. ಈಗ ಕಿಟಕಿಯಿಂದ ನೋಡಿದರೆ ನಿನ್ನ ಆ ಬಂಡೆ ಮತ್ತೆ ಕಾಣಿಸುತ್ತಿದೆ. ಆಗಸ್ಟು ಹತ್ತಿರ ಬಂತು. ಬಸ್ಸಿನ ದಿನ ತಿಳಿಸು.

ವಿಂಕಾ


ಒಸಿಯೆಕ್, 28 ಜುಲೈ 2004

ವಿಂಕಾ ಅವರಿಗೆ,

ನಿಮ್ಮ ಕಾಗದವನ್ನು ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ಓದಿ ಅಲ್ಲೇ ಕೂತೆ. ಕೆಲಸಕ್ಕೆ ಹೋಗಲಿಲ್ಲ.

ಪತ್ರಿಕೆಯವರನ್ನು ಕೇಳಿ ತಿಯಾನಾ ಅವರ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಹೇಳಿದೆ. ಅವರು, "ಎಲ್ಲಾನೂ ತೆಗೆದ್ರಾ? ನೀರಿಂದ ಹೊರಗೆ ಎತ್ತಿ?" ಎಂದು ಕೇಳಿದರು.

ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಆ ವಿಷ ತಳದಲ್ಲಿ ಮಲಗಿತ್ತು. ವರ್ಷವರ್ಷವೂ ಅದರ ಮೇಲೆ ಒಳ್ಳೆಯ ಕೆಸರು ಬಂದು ಕೂರುತ್ತಿತ್ತು. ಕಟ್ಟೆಯೇ ಅದಕ್ಕೊಂದು ಮುಚ್ಚಳವಾಗಿತ್ತು. ನೀವು ಮುಚ್ಚಳ ತೆಗೆದು ಕಲಕಿದಿರಿ. ಒಂದು ಮೂಲೆಯಲ್ಲಿದ್ದದ್ದು ಈಗ ಇಡೀ ಕೊಲ್ಲಿಯ ತಳಕ್ಕೆ ಹರಡಿದೆ. ಇನ್ನು ಯಾವ ಮೂಲೆಯೂ ಒಳ್ಳೆಯದಲ್ಲ. ಎಷ್ಟು ವರ್ಷ ಎಂದು ಕೇಳಿದೆ. "ಹೇಳಕ್ಕೆ ಬರಲ್ಲ," ಎಂದರು.

ಅವರು ನಿಮಗೆ ಎದುರಿಗೆ ನಿಂತು ಮುಟ್ಟಬೇಡಿ ಎಂದಿದ್ದಾರೆ. ಅದನ್ನು ನೀವೇ ಕಾಗದದಲ್ಲಿ ತಮಾಷೆಯ ಹಾಗೆ ಬರೆದಿದ್ದೀರಿ. ಗೊತ್ತಿದ್ದವರು ಹೇಳಿದರೆ ಕೇಳುವುದಿಲ್ಲ, ನಾನು ಹೇಳಿದರೆ ಕೇಳುವುದಿಲ್ಲ, ನಿಮ್ಮ ಮಗ ಮೈಯಲ್ಲಿ ಶಕ್ತಿಯಿಲ್ಲ ಎಂದು ಮೊದಲ ಸಲ ಹೇಳಿದಾಗಲೂ ನೀವು ಕೇಳಲಿಲ್ಲ. ವೈನಿಗೆ ಮೊಟ್ಟೆ ಒಡೆದು ಹಾಕಿ ಕುಡಿಸಿದಿರಿ.

ಮಿರ್ತಾ ಈ ಆಗಸ್ಟಿಗೆ ಬರುವುದಿಲ್ಲ. ಮುಂದಿನದಕ್ಕೂ ಇಲ್ಲ. ಅವಳು ನಿನ್ನೆ, "ಅಜ್ಜಿ ಮನೆಗೆ ಎಷ್ಟು ದಿನ ಇದೆ?" ಎಂದು ಕೇಳಿದಳು. ಉತ್ತರ ಏನು ಕೊಡಲಿ, ನೀವೇ ಬರೆದು ಕಳಿಸಿ.

ರೊಮಾನಾ


ಪೊದ್ಮುರ್ವಾ, 12 ಆಗಸ್ಟ್ 2004

ರೊಮಾನಾ,

ಮಗುವಿಗೆ ಹೇಳು, ಅಜ್ಜಿ ಕಡಲನ್ನು ಕೆಡಿಸಿದಳು ಎಂದು. ಇಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದಾರೆ, ಅವಳೊಬ್ಬಳಿಗೆ ಯಾಕೆ ಮುಚ್ಚಿಡಬೇಕು.

ದಂಡೆಯುದ್ದಕ್ಕೂ ಫಲಕ ನೆಟ್ಟಿದ್ದಾರೆ. ಈಜಬಾರದು, ಹಿಡಿಯಬಾರದು, ತಿನ್ನಬಾರದು. ಪೆರೀನಾಳ ಪಚ್ಚಿಲೆಯನ್ನೆಲ್ಲ ಹಗ್ಗದ ಸಮೇತ ಎತ್ತಿ ಒಯ್ದರು. ಅವಳು ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾಳೆ. ನಲವತ್ತು ವರ್ಷ ಬೇಲಿಯ ಮೇಲೆ ಕೈಯಿಟ್ಟು ಮಾತಾಡಿದವಳು, ಈಗ ಬೇಲಿಗೆ ಕಂಬಳಿ ಹಾಕಿದ್ದಾಳೆ. ಶಿಮೆಯನ್ನು ಠಾಣೆಗೆ ಕರೆಸಿದ್ದರು. ಕಲ್ಲುಗಣಿಯ ಕಿಟ್ಟವನ್ನೂ ಅವನೇ ತೆಗೆಸಬೇಕಂತೆ. "ನಾನ್ ಕರೆಸಿದ್ದು, ನನ್ನನ್ ಕೇಳಿ," ಅಂದೆ. "ನೀವು ಮನೇಗ್ ಹೋಗಿ ಅಜ್ಜಿ," ಎಂದರು. ಯಾರೂ ಬೈಯಲು ಕೂಡ ಸಿದ್ಧರಿಲ್ಲ. ನೀನೊಬ್ಬಳಿದ್ದೀಯ.

ಕಟ್ಟೆ ಇರುವ ತನಕ ಎಂದು ನೀನು ಬರೆದೆ. ಆಮೇಲೆ ಇನ್ನೊಮ್ಮೆ ಬರೆದೆ. ಕಟ್ಟೆ ಮುಟ್ಟಬೇಡಿ ಎಂದು ಬರೆಯಲಿಲ್ಲ. ಫೋನ್ ನಂಬರನ್ನು ಜುಲೈ ಕೊನೆಗೆ ಹುಡುಕಿದವಳು ಮೇ ತಿಂಗಳಲ್ಲೇ ಹುಡುಕಬಹುದಿತ್ತು. ನಾನು ಹೆಚ್ಚು ಓದಿದವಳಲ್ಲ, ಆದರೆ ಬರೆದದ್ದನ್ನು ಬರೆದ ಹಾಗೆ ಓದಬಲ್ಲೆ.

ಇನ್ನೊಂದು ವಿಷಯ. ಹೋದ ಸೋಮವಾರ ತಿಯಾನಾ ಫಲಕ ನೋಡಲು ಬಂದಿದ್ದಳು. ಈ ಸಲ ಕಾಫಿ ಬೇಕಾ ಎಂದು ಕೇಳಲು ನನಗೆ ಮುಖವಿರಲಿಲ್ಲ. ಅವಳೇ ಬಂದು ಹೊಸ್ತಿಲ ಮೇಲೆ ಕೂತಳು. ಬೈಯಲಿಲ್ಲ. ಅವಳೂ ದಣಿದಿದ್ದಳು. ನಾನು ಕೇಳಿದೆ.

"ನನ್ ಮಗ ಒಂದಿಡೀ ಬೇಸಿಗೆ ಅದನ್ನ ಬರಿಗಾಲಲ್ಲಿ ತುಳ್ದ. ಐದು ವರ್ಷಕ್ಕೆ ರಕ್ತ ಕೆಟ್ಟು ಸತ್ತ. ಇದ್ರಿಂದಾನಾ?"

ಅವಳು ನೆಲ ನೋಡಿದಳು. "ಹೇಳಕ್ಕಾಗಲ್ಲ ಅಜ್ಜಿ. ಸಾವಿರಾರು ಜನಾನ ನೋಡಿದ್ರೆ ಏನಾದ್ರೂ ಹೇಳ್ಬೋದು. ಒಬ್ಬರ ವಿಷ್ಯ ಹೇಳಕ್ಕೆ ಯಾರಿಗೂ ಆಗಲ್ಲ."

"ಹೌದು ಅನ್ನಕ್ಕಾಗಲ್ವಾ?"

"ಆಗಲ್ಲ."

"ಅಲ್ಲ ಅನ್ನಕ್ಕೆ?"

"ಅದೂ ಆಗಲ್ಲ ಅಜ್ಜಿ."

"ಓದಿದ್ದೆಲ್ಲ ಎಲ್ಲೋಯ್ತು ಮತ್ತೆ," ಅಂದೆ. ಅದಕ್ಕೂ ಅವಳು ಸಿಟ್ಟಾಗಲಿಲ್ಲ.

ಆ ಮಾತನ್ನು ಬರೆಯಬೇಡ ಎಂದು ನಿನಗೆ ಹೇಳಿದ್ದೆ. ಈಗ ನಾನೇ ಕೇಳಿ, ನಾನೇ ಬರೆದಿದ್ದೇನೆ. ಹೌದು ಎಂದಿದ್ದರೆ ಜೀವನಪೂರ್ತಿ ನಿನ್ನನ್ನು ಬೈಯುತ್ತಿದ್ದೆ. ಅಲ್ಲ ಎಂದಿದ್ದರೆ, ನೀನು ಸುಮ್ಮನೆ ನನ್ನ ಮಗನ ಕಟ್ಟೆಯನ್ನು ನನ್ನ ಕೈಯಿಂದಲೇ ಕೆಡವಿಸಿದೆ ಎಂದು ಬೈಯುತ್ತಿದ್ದೆ. ಈಗ ಎರಡೂ ಇಲ್ಲ. ನಿನ್ನ ಕೈಯಲ್ಲೂ ಏನೂ ಉಳಿದಿಲ್ಲ, ನನ್ನ ಕೈಯಲ್ಲೂ ಇಲ್ಲ. ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬರುತ್ತಿದೆ, ಬೇರೆ ಯಾರ ಮೇಲೆ ಬರಬೇಕು.

ಆಗಸ್ಟು ಅರ್ಧ ಕಳೆಯಿತು. ಬೆಳಿಗ್ಗೆ ಎದ್ದು ಇಬ್ಬರಿಗೆ ಹಾಲು ಕಾಯಿಸುತ್ತೇನೆ, ಆಮೇಲೆ ನೆನಪಾಗುತ್ತದೆ. ಇದನ್ನು ನಿನ್ನ ಕರುಣೆಗೆಂದು ಬರೆದಿಲ್ಲ. ಹಾಲು ದಂಡವಾಗುತ್ತಿದೆ ಎಂದು ಬರೆದೆ.

ವಿಂಕಾ


ಒಸಿಯೆಕ್, 23 ಆಗಸ್ಟ್ 2004

ವಿಂಕಾ ಅವರಿಗೆ,

ಮುಳ್ಳುಂಡೆಯ ಕತೆಯನ್ನು ಇನ್ನೊಂದು ಸಲ ಬರೆದರೆ ಕಾಗದ ಓದದೆ ಹರಿಯುತ್ತೇನೆ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಆ ಪ್ರಶ್ನೆಯನ್ನು ಯೆರ್ಕೊನನ್ನು ನೋಡುತ್ತಿದ್ದ ಡಾಕ್ಟರಿಗೆ ಕೇಳಬೇಕೆಂದು ನಾನು ಹಲವು ಸಲ ಹೋಗಿದ್ದೇನೆ. ಬಾಗಿಲ ತನಕ ಹೋಗಿ, ಅಲ್ಲಿನ ಕುರ್ಚಿಯಲ್ಲಿ ಕೂತು, ನನ್ನ ಹೆಸರು ಕರೆಯುವ ಮೊದಲು ಎದ್ದು ಬಂದಿದ್ದೇನೆ. ಹೌದು ಎಂದರೆ ಏನು ಮಾಡಲಿ ಎಂದು ತಿಳಿಯುತ್ತಿರಲಿಲ್ಲ. ನೀವು ಹೊಸ್ತಿಲ ಮೇಲೆ ಕೂತು ಕೇಳಿಬಿಟ್ಟಿರಿ. ಧನ್ಯವಾದ ಹೇಳುವುದಿಲ್ಲ.

ಮಿರ್ತಾಳ ರಕ್ತದ ವರದಿ ಬಂತು. ಸೀಸ ಸ್ವಲ್ಪ ಇದೆ, ಗಾಬರಿಯಾಗುವಷ್ಟಿಲ್ಲ, ಇನ್ನು ಸೇರದಿದ್ದರೆ ತಾನಾಗಿ ಇಳಿಯುತ್ತದೆ ಎಂದರು. ಇದನ್ನು ನಿಮಗೆ ತಿಳಿಸಬಾರದು ಎಂದುಕೊಂಡಿದ್ದೆ. ಗೆದ್ದೆ ಅಂದುಕೊಳ್ಳುತ್ತೀರಿ. ಗೆದ್ದಿಲ್ಲ.

ಅವಳು ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಸೇರುತ್ತಾಳೆ. ಅವಳಿಗೆ ಮಧ್ಯಾಹ್ನವೇ ಬಿಡುತ್ತಾರೆ, ನನಗೆ ಅಡುಗೆಮನೆ ತೊಳೆದು ಮುಗಿಯುವಾಗ ಸಂಜೆಯಾಗುತ್ತದೆ. ನನ್ನ ಅಮ್ಮನಿಗೆ ಕಣ್ಣು ಕಾಣಿಸುವುದಿಲ್ಲ. ಅಷ್ಟು ಹೊತ್ತು ಮಗುವಿನ ಜೊತೆ ಯಾರಾದರೂ ಇರಬೇಕು. ಯಾರನ್ನಾದರೂ ಇಟ್ಟುಕೊಳ್ಳೋಣ ಎಂದು ಮಿರ್ತಾಗೆ ಹೇಳಿದೆ. "ಅಜ್ಜಿ ಸುಮ್ನೇ ಇದ್ದಾಳಲ್ಲ, ಅಲ್ಲಿ ಕಡಲೂ ಮುಚ್ಚಿದೆ," ಎಂದಳು. ಕಡಲು ಮುಚ್ಚಿದೆ ಎಂದು ಅವಳಿಗೆ ಹೇಳಿದ್ದು ನಾನೇ. ಅಂಗಡಿ ಮುಚ್ಚಿದ ಹಾಗೆ ಅಂದುಕೊಂಡಿದ್ದಾಳೆ.

ನಾನು ಕರೆಯುತ್ತಿಲ್ಲ. ಅವಳು ಕರೆಯುತ್ತಿದ್ದಾಳೆ, ನಾನು ಬರೆದು ತಿಳಿಸುತ್ತಿದ್ದೇನೆ.

ಬರುವುದಾದರೆ ಕೊಲ್ಲಿಯಿಂದ ಏನನ್ನೂ ತರಬೇಡಿ. ಒಣಮೀನು ಬೇಡ, ಚಿಪ್ಪು ಬೇಡ, ದಂಡೆಯಲ್ಲಿ ಕಾಯಿಸಿದ ಉಪ್ಪೂ ಬೇಡ. ನನ್ನ ಅಡುಗೆಯ ಬಗ್ಗೆ ಮಗುವಿನ ಮುಂದೆ ಮಾತಾಡಬಾರದು. ಅವಳ ಅಪ್ಪನ ಬಗ್ಗೆ ಮಾತಾಡಬಹುದು. ನನಗೆ ಆಗುವುದಿಲ್ಲ, ನಿಮಗೆ ಆಗುತ್ತದೆ.

ರೊಮಾನಾ


ಪೊದ್ಮುರ್ವಾ, 31 ಆಗಸ್ಟ್ 2004

ರೊಮಾನಾ,

ನಿನ್ನ ಷರತ್ತುಗಳನ್ನು ಓದಿದೆ. ಜೈಲಿಗೆ ಹೋಗುವವರಿಗೂ ಇಷ್ಟು ಇರುವುದಿಲ್ಲ. ನನ್ನವೂ ಇವೆ. ಒಳಮನೆಯಲ್ಲಿ ಮಲಗುವುದಿಲ್ಲ, ಮಗುವಿನ ಕೋಣೆಯಲ್ಲಿ ಮಲಗುತ್ತೇನೆ. ನಿನ್ನ ಅಮ್ಮನ ಜೊತೆ ಮಾತಾಡುತ್ತೇನೆ, ಅವರು ಒಳ್ಳೆಯವರು. ನಿನ್ನ ಜೊತೆ ಮಾತಾಡಬೇಕಾದದ್ದು ಬಂದರೆ ಬರೆದು ಮೇಜಿನ ಮೇಲಿಡುತ್ತೇನೆ.

ಅಂಜೂರ ತರುತ್ತೇನೆ. ಅದನ್ನು ಬೇಡ ಎಂದು ನೀನು ಬರೆದಿಲ್ಲ.

ಮನೆಯ ಬೀಗದ ಕೈಯನ್ನು ಯಾರಿಗೆ ಕೊಡಲಿ ಎಂದು ಯೋಚಿಸಿದೆ. ಬೇಲಿಯ ಕಂಬಳಿಯ ಮೇಲಿಂದ ಪೆರೀನಾಳ ಕಡೆಗೆ ಎಸೆದೆ. ವಾಪಸ್ಸು ಎಸೆದಿಲ್ಲ, ಇಲ್ಲಿಯ ತನಕ.

ಶನಿವಾರ ಬೆಳಗಿನ ಬಸ್ಸು ಹತ್ತುತ್ತೇನೆ. ಸಂಜೆ ಬಂದು ಮುಟ್ಟುತ್ತದಂತೆ. ನಿಲ್ದಾಣಕ್ಕೆ ಮಿರ್ತಾ ಒಬ್ಬಳೇ ಬರಲಿ, ನಿನ್ನ ಮುಖ ನೋಡುವುದು ಬೇಡ ಎಂದು ಬರೆಯಹೊರಟಿದ್ದೆ. ಆದರೆ ಅವಳಿಗಿನ್ನೂ ಆರು ವರ್ಷ, ದೊಡ್ಡ ಊರು, ರಸ್ತೆಯಲ್ಲಿ ವಾಹನ. ಹಾಗಾಗಿ ನೀನೂ ಬಾ.

ವಿಂಕಾ